ಗೆರೆಯಾಚೆ ನಿಂತವರು

ಕಾಲ್ಚೆಂಡಿನ ಪಂದ್ಯ ನಡೆಯುವಾಗ ನೋಡುವವರ ದೃಷ್ಟಿ ಚೆಂಡಿನ ಹಿಂದೆ ಓಡುತ್ತದೆ. ಮೈದಾನದ ಅಂಚಿನಲ್ಲಿ, ಸುಣ್ಣದ ಗೆರೆಯ ಆಚೆ, ನೀರಿನ ಬಾಟಲಿಗಳ ಪಕ್ಕದಲ್ಲಿ ನಿಂತ ಒಬ್ಬರ ದೃಷ್ಟಿ ಮಾತ್ರ ಚೆಂಡು ಮುಂದೆ ಹೋದ ಮೇಲೆ ಹಿಂದೆ ಉಳಿದ ಆಟಗಾರನ ಮೇಲೆ ಇರುತ್ತದೆ. ಜಿಗಿದು ಇಳಿದ ಹುಡುಗ ಯಾವ ಕಾಲನ್ನು ಮೊದಲು ಊರಿದ, ಬಿದ್ದು ಎದ್ದವನು ತಲೆಯನ್ನು ಏಕೆ ಒದರಿಕೊಂಡ, ಆಗತಾನೆ ಚುರುಕಾಗಿ ಓಡುತ್ತಿದ್ದವನು ಸೊಂಟಕ್ಕೆ ಕೈಕೊಟ್ಟು ಏಕೆ ನಿಂತ - ಇವು ಅವರು ನೋಡುವ ಸಂಗತಿಗಳು. ಗೋಲು ಬಿದ್ದಾಗ ಮೈದಾನವೆಲ್ಲ ಕುಣಿಯುತ್ತಿದ್ದರೂ ಅವರು ಮನಸ್ಸಿನಲ್ಲಿ ಎಣಿಸುತ್ತಿರುತ್ತಾರೆ: ಹನ್ನೊಂದು ಮಂದಿಯೂ ಎದ್ದು ನಿಂತಿರುವರೆ?

ಇಂಥವರನ್ನು ಅಮೆರಿಕದಲ್ಲಿ ‘ಅಥ್ಲೆಟಿಕ್ ಟ್ರೈನರ್’ ಎಂದು ಕರೆಯುತ್ತಾರೆ. ಅಲ್ಲಿ 1950ರಲ್ಲಿಯೇ ಇವರದೊಂದು ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. 1990ರಲ್ಲಿ ಆ ದೇಶದ ವೈದ್ಯರ ಸಂಘವು ಇವರ ವೃತ್ತಿಯನ್ನು ಆರೋಗ್ಯಸೇವೆಯ ಒಂದು ಅಂಗವೆಂದು ಮಾನ್ಯಮಾಡಿತು. ಕನ್ನಡದಲ್ಲಿ ಈ ವೃತ್ತಿಗೆ ಎಲ್ಲರೂ ಒಪ್ಪಿದ ಹೆಸರೊಂದು ಇನ್ನೂ ಹುಟ್ಟಿಲ್ಲ. ತರಬೇತುದಾರ ಎಂದರೆ ಆಟ ಕಲಿಸುವವರು ಎಂಬ ಅರ್ಥ ಬರುತ್ತದೆ. ಆದ್ದರಿಂದ ಹುಡುಗರು ಕೆಲವೆಡೆ ‘ಫಿಸಿಯೊ’ ಎನ್ನುತ್ತಾರೆ, ಕೆಲವೆಡೆ ‘ಟ್ರೈನರ್ ಸಾರ್’, ‘ಟ್ರೈನರ್ ಮೇಡಂ’ ಎನ್ನುತ್ತಾರೆ. ಆಟ ಕಲಿಸುವವರು ಆಟವನ್ನು ಬೆಳೆಸುತ್ತಾರೆ. ಇವರು ಆಟಗಾರನ ದೇಹವನ್ನು ಕಾಯುತ್ತಾರೆ. ಇಬ್ಬರ ಉದ್ದೇಶಗಳೂ ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಸಾಗುತ್ತವೆ. ಅವು ಕವಲೊಡೆಯುವ ದಿನವೇ ಈ ವೃತ್ತಿಯ ಪರೀಕ್ಷೆಯ ದಿನ.

ಬೆಂಗಳೂರಿನ ದಂಡು ಪ್ರದೇಶದ ಆಚೆಗಿರುವ ಕಮ್ಮನಹಳ್ಳಿ ಕೆಲವು ದಶಕಗಳ ಹಿಂದೆ ಹೆಸರಿಗೆ ತಕ್ಕಂತೆ ಹಳ್ಳಿಯೇ ಆಗಿತ್ತು. ಇಂದು ಅದು ಲಿಂಗರಾಜಪುರ, ಬಾಣಸವಾಡಿ, ಹೆಣ್ಣೂರುಗಳ ನಡುವೆ ಬೆರೆತುಹೋದ ಜನನಿಬಿಡ ಬಡಾವಣೆ. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳಗಳನ್ನಾಡುವ ಮನೆಗಳು ಒಂದೇ ಬೀದಿಯಲ್ಲಿವೆ. ಆಫ್ರಿಕದ ದೇಶಗಳಿಂದ ಓದಲು ಬಂದ ವಿದ್ಯಾರ್ಥಿಗಳೂ ಇಲ್ಲಿ ನೆಲೆಸಿದ್ದಾರೆ. ಖಾಲಿ ನಿವೇಶನಗಳಲ್ಲಿ ಕಟ್ಟಡಗಳು ಎದ್ದವು, ಆಡುವ ಬಯಲು ಕಿರಿದಾಯಿತು. ಆದರೆ ಕಾಲ್ಚೆಂಡಿನ ಹುಚ್ಚು ಕಿರಿದಾಗಲಿಲ್ಲ. ದಂಡಿನ ಸೀಮೆಗೆ ಆ ಹುಚ್ಚು ಬಹಳ ಹಳೆಯದು. ಹಲಸೂರಿನ ಗೌತಮಪುರದಲ್ಲಿ ದೂರದ ಬ್ರೆಜಿಲ್ ದೇಶದ ಪೆಲೆಗೆ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ತಂಡ ಫ್ರಾನ್ಸಿನ ಎದುರು ಆಡಿದಾಗ ಭಾರತದ ಏಕೈಕ ಗೋಲನ್ನು ಹೊಡೆದವರು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಅಂದು ತಂಡದ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಪಾದಕ್ಕೂ ಕೀಲಿಗೂ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದರು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯದ ಎದುರು 10-1ರಿಂದ ಸೋತಾಗಲೂ ಭಾರತಕ್ಕೆ ದೊರೆತ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನರದು. ಆಟಗಾರನ ಕಾಲಿಗೂ ಆ ಕಾಲಿಗೆ ಸುತ್ತಿದ ಪಟ್ಟಿಗೂ ಇರುವ ನಂಟು ಈ ಊರಿಗೆ ಹೊಸದಲ್ಲ.

ಕಮ್ಮನಹಳ್ಳಿಯ ಸುತ್ತಿನ ಯಾವುದೇ ಬಯಲಿನಲ್ಲಿ ಮಕ್ಕಳ ತಂಡವೊಂದರ ಆರೈಕೆ ಹೊತ್ತವರ ದಿನ ಹೇಗೆ ಸಾಗುತ್ತದೆ ಎಂಬುದನ್ನು ಗಮನಿಸಬೇಕು. ಹುಡುಗರು ಬರುವ ಮೊದಲೇ ಅವರು ಬಯಲನ್ನು ಒಂದು ಸುತ್ತು ನಡೆದು ನೋಡುತ್ತಾರೆ. ಹಿಂದಿನ ರಾತ್ರಿಯ ಮಳೆಯಿಂದ ಎಲ್ಲಿ ಹಳ್ಳ ಬಿದ್ದಿದೆ, ಯಾರೋ ಒಡೆದು ಎಸೆದ ಗಾಜು ಎಲ್ಲಿದೆ, ಗೋಲುಕಂಬ ಗಟ್ಟಿಯಾಗಿ ನಿಂತಿದೆಯೆ? ಒಂದು ಹಳ್ಳವನ್ನು ಮಣ್ಣಿನಿಂದ ಮುಚ್ಚಿದರೆ ಒಂದು ಉಳುಕು ತಪ್ಪುತ್ತದೆ. ತಪ್ಪಿದ ಉಳುಕಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಈ ವೃತ್ತಿಯ ಸಾಫಲ್ಯವೆಲ್ಲ ಬಹುಮಟ್ಟಿಗೆ ಇಂಥದೇ. ಅದು ನಡೆಯದೆ ಹೋದ ಘಟನೆಗಳಲ್ಲಿ ಅಡಗಿರುತ್ತದೆ.

ಬಳಿಕ ಹುಡುಗರು ಒಬ್ಬೊಬ್ಬರಾಗಿ ಬರುತ್ತಾರೆ. ಬೆಳಗ್ಗೆ ಏನು ತಿಂದೆ, ರಾತ್ರಿ ಎಷ್ಟು ಹೊತ್ತು ಮಲಗಿದೆ, ನಿನ್ನೆಯ ನೋವು ಇಳಿಯಿತೆ - ಮೂರು ನಾಲ್ಕು ಭಾಷೆಗಳಲ್ಲಿ ಪ್ರಶ್ನೆಗಳು ನಡೆಯುತ್ತವೆ. ಬರಿಯ ಚಹಾ ಕುಡಿದು ಓಡಿಬಂದವನನ್ನು ಮಾತಿನಲ್ಲಿಯೇ ಹಿಡಿಯಬೇಕು. ಹೆಣ್ಣುಮಕ್ಕಳ ತಂಡವಾದರೆ ರಕ್ತಹೀನತೆ, ಮಾಸಿಕ ಋತುಸ್ರಾವ ಮುಂತಾದ ವಿಷಯಗಳನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುವಂಥ ವಿಶ್ವಾಸ ಬೆಳೆದಿರಬೇಕು. ಹತ್ತು ಹದಿನೈದು ನಿಮಿಷ ಮೈ ಬಿಸಿಯಾಗುವಷ್ಟು ಓಟ, ಅಂಗಾಂಗಗಳ ಚಲನೆ. ಹಳೆಯ ಗಾಯವಿದ್ದ ಕೀಲಿಗೆ ಪಟ್ಟಿ. ಪಟ್ಟಿ ಸುತ್ತುವುದು ಸುಲಭವೆಂದು ನೋಡುವವರಿಗೆ ತೋರಬಹುದು. ಬಿಗಿ ಹೆಚ್ಚಾದರೆ ಬೆರಳು ತಣ್ಣಗಾಗಿ ಬಣ್ಣಗೆಡುತ್ತದೆ. ಕಡಿಮೆಯಾದರೆ ಅರ್ಧ ಆಟಕ್ಕೆ ಬಿಚ್ಚಿಕೊಳ್ಳುತ್ತದೆ. ಪಾದ ಒಳಮುಖವಾಗಿ ತಿರುಚುವುದನ್ನು ತಡೆಯುತ್ತಲೇ ಓಟಕ್ಕೆ ಅಡ್ಡಿಯಾಗದಂತೆ ಸುತ್ತಲು ಕೈ ಪಳಗಬೇಕು.

ಉಳುಕಿದಾಗ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವ ರೂಢಿ ಊರೂರಿನಲ್ಲಿ ಉಂಟು. ನಂಬಿದವರ ಮನಸ್ಸಿಗೆ ಅದರಿಂದ ನೆಮ್ಮದಿ ಸಿಗುವುದೇನೋ ನಿಜ. ಆದರೆ ಉಳುಕು ಎಂದರೆ ಮೂಳೆಗೂ ಮೂಳೆಗೂ ಕಟ್ಟಿದ ಅಸ್ಥಿರಜ್ಜು ಹಿಗ್ಗಿರುವುದು, ಇಲ್ಲವೆ ಹರಿದಿರುವುದು. ಅದನ್ನು ಆಗಲೇ ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚಿ ಊತ ಬೆಳೆಯುತ್ತದೆ. ಬಲ್ಲವರು ಆಟಗಾರನನ್ನು ಕೂರಿಸಿ, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಟ್ಟು, ಹದವಾಗಿ ಪಟ್ಟಿ ಬಿಗಿದು, ಕಾಲನ್ನು ಎತ್ತರದಲ್ಲಿ ಇಡಿಸುತ್ತಾರೆ. ನಾಲ್ಕು ಹೆಜ್ಜೆಯನ್ನೂ ಇಡಲಾರದಷ್ಟು ನೋವಿದ್ದರೆ, ಮೂಳೆಯ ಮೇಲೆಯೇ ಒತ್ತಿದಾಗ ಚೀರಿದರೆ, ಎಕ್ಸ್-ರೇ ತೆಗೆಸಲು ಕಳುಹಿಸುತ್ತಾರೆ. ಬೆಂಗಳೂರಿನಲ್ಲಿ ಅಲ್ಲಲ್ಲಿ ‘ಪುತ್ತೂರು ಕಟ್ಟು’ ಎಂಬ ಹಲಗೆ ಕಾಣಸಿಗುತ್ತದೆ. ಆಂಧ್ರದ ಪುತ್ತೂರಿನ ಮೂಳೆ ಕಟ್ಟುವ ವಿದ್ಯೆಗೆ ಹಳೆಯ ಹೆಸರಿದೆ. ಕಟ್ಟುವವರು ಯಾರೇ ಆಗಲಿ, ಮೂಳೆ ಎಲ್ಲಿ, ಹೇಗೆ ಮುರಿದಿದೆ ಎಂಬುದನ್ನು ನೋಡಿದ ಮೇಲಲ್ಲವೆ ಕಟ್ಟು? ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರವಿರುತ್ತದೆ; ಅಲ್ಲಿನ ಪೆಟ್ಟು ನೆಟ್ಟಗೆ ಕೂಡದಿದ್ದರೆ ಕಾಲು ಸೊಟ್ಟಗೆ ಬೆಳೆಯಬಹುದು.

ಗಾಯಕ್ಕಿಂತ ಕಷ್ಟವಾದದ್ದು ಬಚ್ಚಿಟ್ಟ ಗಾಯ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಆಯ್ಕೆ ನಡೆಯುತ್ತದೆ. ಪ್ರಮಾಣಪತ್ರವೊಂದು ದೊರೆತರೆ ಮುಂದೆ ಕಾಲೇಜಿನಲ್ಲಿ ಕ್ರೀಡಾ ಮೀಸಲಿನ ಸೀಟು ಸಿಗಬಹುದೆಂಬ ಆಸೆ ಮನೆಯವರಿಗೆ ಇರುತ್ತದೆ. ಆಯ್ಕೆಗೆ ಎರಡು ದಿನವಿರುವಾಗ ಮಂಡಿ ಊದಿಕೊಂಡ ಹುಡುಗ ಮೊಣಕಾಲಿನವರೆಗೆ ಕಾಲುಚೀಲ ಎಳೆದುಕೊಂಡು ಬರುತ್ತಾನೆ.

“ಏನಾಗಿದೆಯಪ್ಪ ಮಂಡಿಗೆ?”

“ಏನೂ ಇಲ್ಲ ಸಾರ್. ಸ್ವಲ್ಪ ಹಿಡಿದುಕೊಂಡಿದೆ.”

“ಮೆಟ್ಟಿಲು ಇಳಿದು ತೋರಿಸು.”

ಮೆಟ್ಟಿಲು ಹತ್ತುವುದರಲ್ಲಿ ನೋವನ್ನು ಮರೆಸಬಹುದು; ಇಳಿಯುವುದರಲ್ಲಿ ಮರೆಸುವುದು ಕಷ್ಟ. ಇಳಿಯುವ ಹುಡುಗ ಹಲ್ಲು ಕಚ್ಚುತ್ತಾನೆ, ಕಂಬಿ ಹಿಡಿಯುತ್ತಾನೆ. ಅಲ್ಲಿಗೆ ಉತ್ತರ ದೊರೆಯಿತು. ಆದರೆ ದೊರೆತ ಉತ್ತರವನ್ನು ಏನು ಮಾಡಬೇಕು? ‘ಇವನಿಲ್ಲದೆ ತಂಡವಿಲ್ಲ’ ಎಂದು ಆಟ ಕಲಿಸುವವರು ಹೇಳುತ್ತಾರೆ. ‘ಒಂದು ದಿನ ತಡೆದುಕೊಂಡರಾಯಿತು’ ಎಂದು ತಂದೆ ಹೇಳುತ್ತಾರೆ. ಹುಡುಗನ ಕಣ್ಣಲ್ಲಿ ನೀರು. ಮಂಡಿಯ ಒಳಗಿನ ಅಸ್ಥಿರಜ್ಜು ಪೂರ್ತಿ ಹರಿದರೆ ಶಸ್ತ್ರಚಿಕಿತ್ಸೆಯ ಬಳಿಕವೂ ಒಂಬತ್ತು ತಿಂಗಳು, ವರ್ಷ ಹಿಡಿಯುವುದೆಂದು ಬಲ್ಲವರು ಅವರೊಬ್ಬರೇ. ಈ ಗಳಿಗೆಯಲ್ಲಿ ‘ಬೇಡ’ ಎಂದು ಹೇಳುವುದು, ಹೇಳಿದ ಮೇಲೆ ಆ ಮಾತಿನಲ್ಲಿ ನಿಲ್ಲುವುದು ಅವರ ಕರ್ತವ್ಯ. ಆ ಮಾತನ್ನು ಮೀರುವ ಅಧಿಕಾರ ಕಲಿಸುವವರಿಗೂ ಇರಕೂಡದು, ಹೆತ್ತವರಿಗೂ ಇರಕೂಡದು. ಸಂಬಳ ಕೊಡುವ ತಂಡವೇ ತಮ್ಮನ್ನು ತೆಗೆದುಹಾಕಬಹುದೆಂಬ ಭಯವಿದ್ದರೆ ‘ಬೇಡ’ ಎಂಬ ಎರಡಕ್ಷರ ಎಷ್ಟು ಜನರ ಬಾಯಿಂದ ಬಂದೀತು? ಈ ವೃತ್ತಿಗೆ ಸರಿಯಾದ ಸ್ಥಾನ ಬೇಕೆನ್ನುವುದು ಅವರ ಗೌರವಕ್ಕಾಗಿ ಅಲ್ಲ, ಆ ಹುಡುಗನ ಮಂಡಿಗಾಗಿ.

ಇದಕ್ಕೆ ಎದುರಾಗಿ ಒಂದು ಉದಾಹರಣೆಯನ್ನು ಹೇಳುವುದುಂಟು. 2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆಯವರ ದವಡೆಗೆ ಮರ್ವಿನ್ ಡಿಲ್ಲನ್‌ರ ಚೆಂಡು ಬಡಿದು ಮೂಳೆ ಮುರಿಯಿತು. ಮುಖಕ್ಕೂ ತಲೆಗೂ ಪಟ್ಟಿ ಸುತ್ತಿಕೊಂಡು ಅವರು ಮೈದಾನಕ್ಕೆ ಇಳಿದರು, ಒಂದೇ ಸಮನೆ 14 ಓವರು ಎಸೆದರು, ಬ್ರಯನ್ ಲಾರಾರನ್ನು ಔಟ್ ಮಾಡಿದರು. ಆ ಚಿತ್ರವನ್ನು ನೋಡಿದವರು ಮರೆತಿಲ್ಲ. ‘ಕುಂಬ್ಳೆ ಆಡಲಿಲ್ಲವೆ?’ ಎಂಬುದು ನೋವು ನುಂಗುವ ಪ್ರತಿಯೊಬ್ಬ ಹುಡುಗನ ವಾದ. ಕುಂಬ್ಳೆಯವರ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಂದು ತಂಡದ ಜತೆ ಆಸ್ಟ್ರೇಲಿಯದ ಆಂಡ್ರ್ಯೂ ಲೀಪಸ್ ಎಂಬ ನುರಿತ ಫಿಸಿಯೊ ಇದ್ದರು. ಗಾಯ ಯಾವುದು, ಎಲ್ಲಿ, ಎಷ್ಟು ಎಂಬುದು ಗೊತ್ತಾಗಿತ್ತು. ಶಸ್ತ್ರಚಿಕಿತ್ಸೆಗೆ ಊರಿಗೆ ಮರಳುವುದು ನಿಶ್ಚಯವಾಗಿತ್ತು. ಎಲ್ಲವನ್ನೂ ತಿಳಿದ ಪ್ರಾಯಸ್ಥರೊಬ್ಬರು ತಮ್ಮ ದವಡೆಯ ಬಗ್ಗೆ ತಾವೇ ಕೈಗೊಂಡ ನಿರ್ಧಾರ ಅದು. ಗಾಯವೇನೆಂದೇ ತಿಳಿಯದ ಹದಿನಾಲ್ಕರ ಬಾಲಕ ಅದನ್ನು ಕಾಲುಚೀಲದಲ್ಲಿ ಮುಚ್ಚಿಡುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಮೈಸೂರಿನ ಜಾವಗಲ್ ಶ್ರೀನಾಥರ ಉದಾಹರಣೆ ಹುಡುಗರಿಗೆ ಹೆಚ್ಚು ಹೊಂದುತ್ತದೆ. 1997ರಲ್ಲಿ ಅವರ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು, ವೆಸ್ಟ್ ಇಂಡೀಸ್ ಪ್ರವಾಸ ಕೈತಪ್ಪಿತು. ಬಿಡುವು ಪಡೆದು, ಭುಜವನ್ನು ಮತ್ತೆ ಬಲಪಡಿಸಿಕೊಂಡು ಬಂದ ಅವರು 2003ರ ವಿಶ್ವಕಪ್ಪಿನವರೆಗೆ ಎಸೆದರು. ಆ ತಿಂಗಳುಗಳ ಚಿತ್ರ ಯಾವ ಪತ್ರಿಕೆಯ ಮುಖಪುಟದಲ್ಲಿಯೂ ಇಲ್ಲ.

ತಲೆಯ ಪೆಟ್ಟಿನ ವಿಷಯದಲ್ಲಿ ಮಾತ್ರ ಆಟಗಾರನ ಮಾತನ್ನು ಕೇಳುವಂತೆಯೇ ಇಲ್ಲ. ಪೆಟ್ಟು ತಿಂದ ಮಿದುಳು ತನ್ನ ಸ್ಥಿತಿಯನ್ನು ತಾನೇ ಸರಿಯಾಗಿ ಹೇಳಲಾರದು. ಎದುರಾಳಿ ಯಾರು, ಗೋಲು ಎಷ್ಟು, ಇದು ಮೊದಲ ಅರ್ಧವೋ ಎರಡನೆಯದೋ ಎಂದು ಕೇಳಿದಾಗ ತಡವರಿಸುವವನು, ವಾಂತಿ ಮಾಡುವವನು, ಬೆಳಕಿಗೆ ಕಣ್ಣು ಮುಚ್ಚುವವನು ಆ ದಿನ ಮತ್ತೆ ಆಡಕೂಡದು. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ 2019ರಿಂದ ಇಂಥ ಆಟಗಾರನಿಗೆ ಬದಲಿಯನ್ನು ಇಳಿಸಲು ಅವಕಾಶವಾಯಿತು. ಅದಕ್ಕೆ ಐದು ವರ್ಷ ಮೊದಲು ಸಿಡ್ನಿಯಲ್ಲಿ ಫಿಲಿಪ್ ಹ್ಯೂಸ್, ಅದಕ್ಕೂ ಮೊದಲು 1998ರಲ್ಲಿ ಢಾಕಾದಲ್ಲಿ ರಮಣ್ ಲಾಂಬಾ ಚೆಂಡಿನ ಪೆಟ್ಟಿನಿಂದ ಪ್ರಾಣ ಕಳೆದುಕೊಂಡಿದ್ದರು. ನಿಯಮಗಳು ಸಾವಿನ ಹಿಂದೆ ಬಹಳ ನಿಧಾನವಾಗಿ ನಡೆದುಬರುತ್ತವೆ.

ಬೆಂಗಳೂರಿನ ಮೈದಾನಗಳೂ ಇಂಥ ಸಾವುಗಳನ್ನು ಕಂಡಿವೆ. 2004ರ ಡಿಸೆಂಬರ್ 5ರಂದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯ. ಗೋವೆಯ ಡೆಂಪೊ ತಂಡದ ಪರ ಆಡುತ್ತಿದ್ದ ಬ್ರೆಜಿಲ್ಲಿನ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಗಾನಿನ ವಿರುದ್ಧ ಎರಡನೆಯ ಗೋಲು ಹೊಡೆಯುವಾಗಲೇ ಗೋಲುಗಾರನಿಗೆ ಡಿಕ್ಕಿಹೊಡೆದು ಕುಸಿದರು. ಮತ್ತೆ ಏಳಲಿಲ್ಲ. ಡೆಂಪೊ ಕಪ್ಪನ್ನು ಗೆದ್ದಿತು. ಅವರ 10ನೆಯ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ತೀರ್ಮಾನಿಸಿತು. ಮೈದಾನದಲ್ಲಿ ವೈದ್ಯಕೀಯ ಸಿದ್ಧತೆ ಎಷ್ಟಿತ್ತು ಎಂಬ ಪ್ರಶ್ನೆ ಆಗ ದೇಶದಾದ್ಯಂತ ಎದ್ದಿತು.

ಪ್ರಶ್ನೆ ಎದ್ದಿತು, ಮತ್ತೆ ಮಲಗಿತು. 2012ರ ಮಾರ್ಚ್ 21ರಂದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸ್ಥಳೀಯ ಲೀಗ್ ಪಂದ್ಯವೊಂದು ನಡೆದಿತ್ತು. ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಬದಲಿ ಆಟಗಾರರಾಗಿ ಇಳಿದಿದ್ದರು. ಪಂದ್ಯ ಮುಗಿಯುವ ಹೊತ್ತಿಗೆ ಅವರು ಕುಸಿದುಬಿದ್ದರು. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಜತೆಯ ಆಟಗಾರರು ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರೆಂದು ಪತ್ರಿಕೆಗಳು ಬರೆದವು. ಪ್ರಾಣ ಉಳಿಯಲಿಲ್ಲ. ಅದಕ್ಕೆ ನಾಲ್ಕೇ ದಿನ ಮೊದಲು, ಮಾರ್ಚ್ 17ರಂದು, ಲಂಡನ್ನಿನ ಮೈದಾನದಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುವಾಂಬ ಹೀಗೆಯೇ ಕುಸಿದಿದ್ದರು. ಅವರ ಹೃದಯ 78 ನಿಮಿಷ ತಾನಾಗಿ ಬಡಿಯಲಿಲ್ಲ. ಆದರೆ ಆರೈಕೆಯ ಸಿಬ್ಬಂದಿ ಕ್ಷಣಮಾತ್ರದಲ್ಲಿ ಓಡಿಬಂದು ಎದೆ ಒತ್ತಲು ಆರಂಭಿಸಿದರು, ವಿದ್ಯುತ್ ಆಘಾತ ಕೊಡುವ ಯಂತ್ರವಿತ್ತು, ಪಂದ್ಯ ನೋಡಲು ಬಂದಿದ್ದ ಹೃದಯತಜ್ಞರೊಬ್ಬರೂ ಇಳಿದುಬಂದರು. ಮುವಾಂಬ ಬದುಕಿದರು. 2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಕುಸಿದ ಕ್ರಿಶ್ಚಿಯನ್ ಎರಿಕ್ಸನ್ ಬದುಕಿದ್ದಷ್ಟೇ ಅಲ್ಲ, ಮತ್ತೆ ಆಡಿದರು. ಲಂಡನ್ನಿನಲ್ಲಿ ಇದ್ದಂಥ ಸಿದ್ಧತೆ ಅಶೋಕನಗರದಲ್ಲಿಯೂ ಇದ್ದಿದ್ದರೆ ವೆಂಕಟೇಶ್ ಉಳಿಯುತ್ತಿದ್ದರೆಂದು ಖಚಿತವಾಗಿ ಹೇಳಲಾಗದು. ಆದರೆ ಉಳಿಯುವ ಅವಕಾಶವಾದರೂ ಇರುತ್ತಿತ್ತು. ಅದನ್ನು ಕೊಡದಿರಲು ಬಡತನವೊಂದೇ ಕಾರಣವಾಗಲಾರದು.

ಏಕೆಂದರೆ ಇಲ್ಲಿ ಮೊದಲು ಬೇಕಾದುದು ಹಣವಲ್ಲ, ಎರಡು ಕೈ. ಹೃದಯ ನಿಂತವನಿಗೆ ನೆರವು ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತು ಪಾಲಿನಷ್ಟು ಕುಗ್ಗುತ್ತದೆ. ಕರ್ನಾಟಕದಲ್ಲಿ 2008ರಿಂದ 108ರ ಆಂಬುಲೆನ್ಸ್ ಸೇವೆ ಇದೆ. ಆದರೆ ಸಂಜೆಯ ಹೊತ್ತು ಕಮ್ಮನಹಳ್ಳಿಯ ಮುಖ್ಯರಸ್ತೆಯನ್ನು ಕಂಡವರಿಗೆ ಯಾವ ವಾಹನವಾದರೂ ಮೂರು ನಿಮಿಷದಲ್ಲಿ ಬಂದೀತೆಂಬ ಭ್ರಮೆ ಇರಲಾರದು. ಆ ವಾಹನ ಬರುವವರೆಗೆ ಎದೆಯ ನಡುವೆ ಅಂಗೈಯೂರಿ, ಪ್ರಾಯದವರಿಗೆ ಸುಮಾರು ಐದು ಸೆಂಟಿಮೀಟರು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಬಿಡದೆ ಒತ್ತುವವರು ಯಾರಾದರೂ ಮೈದಾನದಲ್ಲಿರಬೇಕು. ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳೂ ಕಲಿಯಬಹುದು, ಕಲಿಯಬೇಕು. ಇದ್ದಕ್ಕಿದ್ದಂತೆ ಕುಸಿದವನ ಬಾಯಿಗೆ ನೀರು ಹಾಕುವುದನ್ನೂ, ಈರುಳ್ಳಿ ಮೂಸಿಸುವುದನ್ನೂ, ಕೈಯಲ್ಲಿ ಕಬ್ಬಿಣ ಕೊಡುವುದನ್ನೂ ಬಿಟ್ಟರೆ ಆ ನಿಮಿಷಗಳು ಉಳಿಯುತ್ತವೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿನ ಮಕ್ಕಳು ಉರಿಬಿಸಿಲಿಗೆ ಒಗ್ಗಿದವರಲ್ಲ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಗಳಿಗೆ ಪಂದ್ಯಕ್ಕೆ ಹೋದಾಗ ಬಿಸಿಲಾಘಾತದ ಅಪಾಯ ನಿಜವಾದುದು. ಮೈ ಸುಡುತ್ತಿದ್ದು ಮಾತು ತೊದಲುವವನನ್ನು ಮೊದಲು ತಣ್ಣೀರಿನಿಂದ ತಂಪುಮಾಡಿ ಅನಂತರ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಜತೆಯಲ್ಲಿ ಹೋದವರು ಬಲ್ಲವರಾಗಿರಬೇಕು.

ಮತ್ತೊಂದು ಹೊಣೆಯ ಮಾತೂ ಇಲ್ಲಿ ಬರುತ್ತದೆ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿಯೂ ಗುವಾಂಗ್‌ಝೌ ಏಷ್ಯಾಡಿನಲ್ಲಿಯೂ ಚಿನ್ನ ಗೆದ್ದರು. ಮರುವರ್ಷ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಿಷೇಧಕ್ಕೆ ಒಳಗಾದರು. ತರಬೇತುದಾರರು ತಂದುಕೊಟ್ಟ ಪೂರಕ ಆಹಾರದಿಂದ ಅದು ದೇಹಕ್ಕೆ ಸೇರಿತೆಂದು ಆಟಗಾರ್ತಿಯರು ವಾದಿಸಿದರು. ಆದರೆ ದೇಹದೊಳಗೆ ಹೋದುದಕ್ಕೆ ಆಟಗಾರರೇ ಹೊಣೆ ಎಂಬುದು ನಿಯಮ, ಶಿಕ್ಷೆ ತಪ್ಪಲಿಲ್ಲ. ಇಂದು ವ್ಯಾಯಾಮಶಾಲೆಗಳ ಕಪಾಟಿನಲ್ಲಿ ಸಾಲಾಗಿ ಇಟ್ಟಿರುವ ಪುಡಿಯ ಡಬ್ಬಗಳನ್ನು ನೋಡಿ ಬಾಯಿ ಚಪ್ಪರಿಸುವ ಹುಡುಗರಿಗೆ ಆ ಡಬ್ಬದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ಹೇಳುವವರು ಬೇಕಾಗಿದ್ದಾರೆ.

ರಾಜ್ಯದ ಸಾವಿರಾರು ಶಾಲೆಗಳಲ್ಲಿ ಈ ಎಲ್ಲ ಕೆಲಸಗಳೂ ಒಬ್ಬರ ಮೇಲೆ ಬಿದ್ದಿವೆ. ಅವರೇ ದೈಹಿಕ ಶಿಕ್ಷಣದ ಶಿಕ್ಷಕರು, ಮಕ್ಕಳ ಬಾಯಲ್ಲಿ ‘ಪಿ.ಟಿ. ಮೇಷ್ಟ್ರು’. ಪ್ರಾರ್ಥನೆ ನಿಲ್ಲಿಸುವವರು ಅವರು, ಶಿಸ್ತು ನೋಡುವವರು ಅವರು, ಕಬಡ್ಡಿ, ಕೊಕ್ಕೊ, ವಾಲಿಬಾಲ್ ಕಲಿಸುವವರು ಅವರು, ಗಾಯಕ್ಕೆ ಪಟ್ಟಿ ಕಟ್ಟುವವರೂ ಅವರೇ. ತಮ್ಮ ಸ್ವಂತ ಹಣದಿಂದ ಹತ್ತಿ, ಪಟ್ಟಿ ಕೊಂಡು ತರುವವರು ಎಷ್ಟೋ ಮಂದಿ. ಅವರನ್ನು ದೂರುವುದು ಅನ್ಯಾಯ. ಪ್ರತಿ ಶಾಲೆಗೂ ಪ್ರತ್ಯೇಕ ಆರೈಕೆಗಾರರನ್ನು ನೇಮಿಸುವುದು ಇಂದೇ ಆಗುವ ಮಾತಲ್ಲ. ಆದರೆ ಹೋಬಳಿಗೊಬ್ಬರು, ನಗರದಲ್ಲಿ ಹತ್ತು ಶಾಲೆಗಳಿಗೊಬ್ಬರು ಏಕೆ ಆಗಬಾರದು? ನುರಿತವರಿಲ್ಲದೆ, ಆಂಬುಲೆನ್ಸ್ ಇಲ್ಲದೆ ಆಯ್ಕೆಯ ಪಂದ್ಯಗಳನ್ನು ಆರಂಭಿಸಕೂಡದೆಂದು ಏಕೆ ಕಟ್ಟುಮಾಡಬಾರದು? ತೀರ್ಪುಗಾರನಿಲ್ಲದೆ ಪಂದ್ಯ ಶುರುವಾಗುವುದಿಲ್ಲ. ಸೀಟಿ ಊದುವವನಿಗೆ ಇರುವಷ್ಟು ಅನಿವಾರ್ಯತೆ ಉಸಿರು ಕಾಯುವವನಿಗೆ ಬೇಡವೆ?

ಕಮ್ಮನಹಳ್ಳಿಯ ಬಯಲಿನಲ್ಲಿ ಆಟ ಮುಗಿದಿದೆ. ಗೆದ್ದವರು ಕೂಗುತ್ತ ಬೇಕರಿಯ ಕಡೆ ಓಡುತ್ತಾರೆ. ಟ್ರೈನರ್ ಐಸಿನ ಡಬ್ಬವನ್ನು ಬೋರಲು ಹಾಕಿ ನೀರು ಚೆಲ್ಲುತ್ತಾರೆ, ತೊಳೆಯಬೇಕಾದ ಪಟ್ಟಿಗಳನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕುತ್ತಾರೆ. ಬಳಿಕ ಕಲ್ಲಿನ ಮೇಲೆ ಕುಳಿತು ಪುಸ್ತಕದಲ್ಲಿ ಆ ದಿನದ ಲೆಕ್ಕ ಬರೆಯುತ್ತಾರೆ: ಯಾರಿಗೆ, ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡಲಾಯಿತು. ಆ ಪುಸ್ತಕವನ್ನು ಅವರು ಬೇರೆಯವರಿಗೆ ತೋರಿಸುವುದಿಲ್ಲ. ಮಂಡಿ ಊದಿದ ಹುಡುಗ ದೂರದಲ್ಲಿ ಒಬ್ಬನೇ ಕುಳಿತಿದ್ದಾನೆ. ಆಯ್ಕೆಯ ಪಟ್ಟಿಯಲ್ಲಿ ಅವನ ಹೆಸರಿಲ್ಲ, ಟ್ರೈನರ್‌ರ ಮೇಲೆ ಅವನಿಗೆ ಇನ್ನೂ ಸಿಟ್ಟಿದೆ. ಅವರು ಪುಸ್ತಕ ಮುಚ್ಚಿ, ಚೀಲವನ್ನು ಹೆಗಲಿಗೇರಿಸಿ ಅವನ ಬಳಿಗೆ ಹೋಗಿ, ನಾಳೆ ಬೆಳಗ್ಗೆ ಆರು ಗಂಟೆಗೆ ಮಂಡಿಯ ವ್ಯಾಯಾಮಕ್ಕೆ ಬರುವಂತೆ ಹೇಳುತ್ತಾರೆ.